ಹತ್ತು ವರ್ಷದ ರಸ್ತೆ ಒಂದೇ ವರ್ಷದಲ್ಲಿ ಸವೆಯುವುದೇಕೆ?

ಸರಕು ವಾಹನಗಳ ತೂಕದ ಮಿತಿ, ಟ್ರೇಲರ್ ನಿಯಮ ಮತ್ತು ಚಾಲನಾ ಪರವಾನಗಿ: ಗ್ರಾಮ ಪಂಚಾಯಿತಿ ಸದಸ್ಯರ ತಿಳಿವಳಿಕೆಗಾಗಿ



ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆ, ಸರ್ಜಾಪುರ, ವೈಟ್‌ಫೀಲ್ಡ್ ಸುತ್ತಮುತ್ತಲ ಪಂಚಾಯಿತಿಗಳ ಸಾಮಾನ್ಯ ಸಭೆಗಳಲ್ಲಿ ಪದೇ ಪದೇ ಕೇಳಿಬರುವ ದೂರು ಒಂದಿದೆ: "ರಸ್ತೆ ಮಾಡಿ ವರ್ಷವಾಗಿಲ್ಲ, ಆಗಲೇ ಗುಂಡಿ ಬಿದ್ದಿದೆ, ಕಾಮಗಾರಿ ಕಳಪೆ." ಕೆಲವೊಮ್ಮೆ ಕಾಮಗಾರಿ ಕಳಪೆಯೇ ಆಗಿರುತ್ತದೆ. ಆದರೆ ಅನೇಕ ಸಂದರ್ಭಗಳಲ್ಲಿ ಗುತ್ತಿಗೆದಾರನು ಅಂದಾಜು ಪಟ್ಟಿಯಂತೆಯೇ ಕೆಲಸ ಮಾಡಿದ್ದರೂ ರಸ್ತೆ ಉಳಿಯುವುದಿಲ್ಲ. ಕಾರಣ, ಹಾಲಿನ ವಾಹನ, ಶಾಲಾ ಬಸ್ಸು ಮತ್ತು ಟ್ರ್ಯಾಕ್ಟರುಗಳಿಗೆಂದು ರೂಪಿಸಿದ ರಸ್ತೆಯ ಮೇಲೆ ಜಲ್ಲಿ, ಎಂ-ಸ್ಯಾಂಡ್, ಗ್ರಾನೈಟ್ ದಿಮ್ಮಿ, ಕಬ್ಬಿಣ ಮತ್ತು ನೀರು ಹೊತ್ತ ಭಾರಿ ವಾಹನಗಳು ಹಗಲಿರುಳು ಸಂಚರಿಸುತ್ತವೆ.

ಈ ವಾಹನಗಳನ್ನು ನಿಯಂತ್ರಿಸುವ ಕಾನೂನು ಇದೆ. ಅದನ್ನು ಜಾರಿಗೊಳಿಸುವ ಅಧಿಕಾರ ಪಂಚಾಯಿತಿಗಿಲ್ಲ. ಆದರೆ ಜಾರಿಯಾಗುವಂತೆ ಮಾಡಲು ಬೇಕಾದ ಮಾಹಿತಿ ಪಂಚಾಯಿತಿಯ ಬಳಿಯೇ ಇದೆ. ಈ ಅಂತರವನ್ನು ಸದಸ್ಯರು ಸ್ಪಷ್ಟವಾಗಿ ತಿಳಿದರೆ ರಸ್ತೆ ಉಳಿಸುವ ಕೆಲಸದ ಅರ್ಧ ಮುಗಿದಂತೆ.

1. ತೂಕವನ್ನು ಕಾನೂನು ಹೇಗೆ ಅಳೆಯುತ್ತದೆ?

ಪ್ರತಿ ಸರಕು ವಾಹನದ ನೋಂದಣಿ ಪತ್ರದಲ್ಲಿ (ಆರ್.ಸಿ.) ಎರಡು ತೂಕಗಳು ನಮೂದಾಗಿರುತ್ತವೆ. ಒಂದು ಖಾಲಿ ವಾಹನದ ತೂಕ. ಇನ್ನೊಂದು, ಸರಕು ಸಹಿತ ವಾಹನವು ಹೊಂದಬಹುದಾದ ಗರಿಷ್ಠ ಒಟ್ಟು ತೂಕ. ಇವೆರಡರ ವ್ಯತ್ಯಾಸವೇ ಆ ವಾಹನವು ಹೊರಬಹುದಾದ ಸರಕು. ಬಹುತೇಕ ಲಾರಿಗಳ ಬದಿಯಲ್ಲಿ ಈ ಅಂಕಿಗಳನ್ನು ಬರೆದಿರುವುದನ್ನು ಕಾಣಬಹುದು. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 113ರ ಪ್ರಕಾರ ನೋಂದಣಿ ಪತ್ರದಲ್ಲಿರುವ ಒಟ್ಟು ತೂಕವನ್ನು ಮೀರಿ ವಾಹನ ಅಥವಾ ಟ್ರೇಲರನ್ನು ಓಡಿಸುವಂತಿಲ್ಲ.

ಒಟ್ಟು ತೂಕದ ಜೊತೆಗೆ ಪ್ರತಿ ಆಕ್ಸಲ್, ಅಂದರೆ ಗಾಲಿಗಳನ್ನು ಹೊತ್ತ ಅಚ್ಚು, ಎಷ್ಟು ಭಾರ ಹೊರಬಹುದೆಂಬುದಕ್ಕೂ ಮಿತಿಯಿದೆ. ಕೇಂದ್ರ ಸರ್ಕಾರವು 2018ರ ಜುಲೈ ತಿಂಗಳಲ್ಲಿ ಈ ಮಿತಿಗಳನ್ನು ಹೆಚ್ಚಿಸಿತು. ನಾಲ್ಕು ಟೈರುಗಳ ಒಂಟಿ ಆಕ್ಸಲ್‌ನ ಮಿತಿ 10.2 ಟನ್‌ನಿಂದ 11.5 ಟನ್‌ಗೂ, ಜೋಡಿ ಆಕ್ಸಲ್‌ನ ಮಿತಿ 19 ಟನ್‌ನಿಂದ 21 ಟನ್‌ಗೂ ಏರಿತು. ಅದರಂತೆ ಒಟ್ಟು ತೂಕದ ಮಿತಿಗಳು ಹೀಗಿವೆ:

- ಎರಡು ಆಕ್ಸಲ್, ಆರು ಚಕ್ರದ ಲಾರಿ: ಹಿಂದೆ 16.2 ಟನ್, ಈಗ 18.5 ಟನ್
- ಮೂರು ಆಕ್ಸಲ್, ಹತ್ತು ಚಕ್ರದ ಲಾರಿ: ಹಿಂದೆ 25 ಟನ್, ಈಗ 28.5 ಟನ್
- ಐದು ಆಕ್ಸಲ್ ಲಾರಿ: ಹಿಂದೆ 37 ಟನ್, ಈಗ 43.5 ಟನ್
- ಟ್ರೇಲರ್ ಸಹಿತ ಅತಿ ದೊಡ್ಡ ವಾಹನಗಳ ಗರಿಷ್ಠ ಮಿತಿ: ಹಿಂದೆ 49 ಟನ್, ಈಗ 55 ಟನ್

ಇವು ಗರಿಷ್ಠ ಮಿತಿಗಳು. ನಿರ್ದಿಷ್ಟ ವಾಹನವೊಂದಕ್ಕೆ ಅನ್ವಯಿಸುವುದು ಅದರ ನೋಂದಣಿ ಪತ್ರದಲ್ಲಿರುವ ಅಂಕಿಯೇ ಹೊರತು ಈ ಪಟ್ಟಿಯಲ್ಲ.

2. ಆರು ಟನ್ ಹೆಚ್ಚುವರಿ ಭಾರ ರಸ್ತೆಗೆ ಏನು ಮಾಡುತ್ತದೆ?

ತೂಕ ಒಂದೂಕಾಲು ಪಟ್ಟಾದರೆ ಹಾನಿಯೂ ಒಂದೂಕಾಲು ಪಟ್ಟಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಇದು ತಪ್ಪು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಪಟ್ಟಣದ ಬಳಿ ಪರೀಕ್ಷಾ ರಸ್ತೆಗಳನ್ನು ನಿರ್ಮಿಸಿ, ಅವುಗಳ ಮೇಲೆ ಬೇರೆ ಬೇರೆ ಭಾರದ ಲಾರಿಗಳನ್ನು ಎರಡು ವರ್ಷ ಓಡಿಸಿ ನೋಡಲಾಯಿತು. ರಸ್ತೆಗೆ ಆಗುವ ಹಾನಿಯು ಆಕ್ಸಲ್ ಭಾರದ ಸರಿಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆಂದು ಅಲ್ಲಿ ಕಂಡುಬಂತು. ಅಂದರೆ ಆಕ್ಸಲ್ ಭಾರ ಎರಡು ಪಟ್ಟಾದರೆ ಹಾನಿ 16 ಪಟ್ಟಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ ವಿನ್ಯಾಸ ಕೈಪಿಡಿಗಳೂ ಇದೇ ತತ್ತ್ವವನ್ನು ಅನುಸರಿಸುತ್ತವೆ, ಅಲ್ಲಿ 8.16 ಟನ್ ಭಾರದ ಆಕ್ಸಲ್ ಒಮ್ಮೆ ಹಾದುಹೋಗುವುದನ್ನು 'ಒಂದು ಪ್ರಮಾಣಿತ ಆಕ್ಸಲ್' ಎಂದು ಎಣಿಸಲಾಗುತ್ತದೆ.

ನಮ್ಮೂರಿನ ಉದಾಹರಣೆ ನೋಡೋಣ. 18.5 ಟನ್ ಮಿತಿಯ ಆರು ಚಕ್ರದ ಟಿಪ್ಪರ್ ಒಂದರ ಖಾಲಿ ತೂಕ 7 ಟನ್ ಎಂದಿಟ್ಟುಕೊಳ್ಳಿ. ಅದು 11.5 ಟನ್ ಸರಕು ಹೊರಬಹುದು. ಎಂ-ಸ್ಯಾಂಡ್ ಘನ ಅಡಿಗೆ ಸುಮಾರು 45 ಕೆ.ಜಿ. ತೂಗುವುದರಿಂದ ಇದು ಸುಮಾರು 250 ಘನ ಅಡಿಯಾಯಿತು. ಬದಿಗೆ ಹಲಗೆ ಏರಿಸಿ 390 ಘನ ಅಡಿ ತುಂಬಿದರೆ ಸರಕು 17.5 ಟನ್, ಒಟ್ಟು 24.5 ಟನ್ ಆಗುತ್ತದೆ. ಹೆಚ್ಚುವರಿ ಆರು ಟನ್. ಆಗ ಹಿಂದಿನ ಆಕ್ಸಲ್ ಮೇಲೆ ಸುಮಾರು 16.3 ಟನ್ ಬೀಳುತ್ತದೆ.

ಮಿತಿಯೊಳಗಿನ 11.5 ಟನ್‌ನ ಹಿಂದಿನ ಆಕ್ಸಲ್ ಒಮ್ಮೆ ಹೋದರೆ ಸುಮಾರು 4 ಪ್ರಮಾಣಿತ ಆಕ್ಸಲ್‌ಗಳಷ್ಟು ಹಾನಿ. 16.3 ಟನ್‌ನ ಆಕ್ಸಲ್ ಒಮ್ಮೆ ಹೋದರೆ ಸುಮಾರು 16. ಒಟ್ಟು ತೂಕ ಮೂರನೆಯ ಒಂದು ಭಾಗದಷ್ಟು ಹೆಚ್ಚಿತು; ಹಾನಿ ನಾಲ್ಕು ಪಟ್ಟಾಯಿತು.

ಈಗ ರಸ್ತೆಯ ಕಡೆಯಿಂದ ನೋಡೋಣ. ಗ್ರಾಮೀಣ ರಸ್ತೆಗಳನ್ನು ಹತ್ತು ವರ್ಷಗಳ ಅವಧಿಯಲ್ಲಿ ಹಾದುಹೋಗುವ ಪ್ರಮಾಣಿತ ಆಕ್ಸಲ್‌ಗಳ ಸಂಖ್ಯೆಯನ್ನು ಅಂದಾಜಿಸಿ ವಿನ್ಯಾಸಗೊಳಿಸಲಾಗುತ್ತದೆ. ಅತಿ ಕಡಿಮೆ ಸಂಚಾರದ ವರ್ಗದಲ್ಲಿ ಇದು 10,000ದಿಂದ 30,000 ಮಾತ್ರ. ನಮ್ಮ ರಸ್ತೆಯನ್ನು 1 ಲಕ್ಷಕ್ಕೆ ವಿನ್ಯಾಸಗೊಳಿಸಲಾಗಿದೆ ಎಂದೇ ಭಾವಿಸೋಣ. ದಿನಕ್ಕೆ 20 ಲೋಡಿನಂತೆ ವರ್ಷಕ್ಕೆ 300 ದಿನ ಟಿಪ್ಪರ್‌ಗಳು ಓಡಿದರೆ, ಹಿಂದಿನ ಆಕ್ಸಲ್‌ಗಳನ್ನಷ್ಟೇ ಲೆಕ್ಕ ಹಾಕಿದರೂ:

- ಅಧಿಕ ಭಾರ ಹೊತ್ತಿದ್ದರೆ ವರ್ಷಕ್ಕೆ 96,000. ರಸ್ತೆಯ ಹತ್ತು ವರ್ಷದ ಆಯುಷ್ಯ ಒಂದು ವರ್ಷದಲ್ಲಿ ಮುಗಿಯುತ್ತದೆ.
- ಮಿತಿಯೊಳಗೇ ಇದ್ದರೂ ವರ್ಷಕ್ಕೆ 24,000. ಆಯುಷ್ಯ ನಾಲ್ಕು ವರ್ಷಕ್ಕೆ ಮುಗಿಯುತ್ತದೆ.

ಎರಡನೆಯ ಸಾಲನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ನೋಂದಣಿ ಪತ್ರದ ಮಿತಿ ವಾಹನದ ಸಾಮರ್ಥ್ಯವನ್ನು ಹೇಳುತ್ತದೆ. ನಮ್ಮ ಊರಿನ ರಸ್ತೆಯ ಸಾಮರ್ಥ್ಯವನ್ನಲ್ಲ. ಆದ್ದರಿಂದ ಭಾರಿ ವಾಹನಗಳು ನಿತ್ಯ ಓಡುವ ಕಡೆ "ಅಧಿಕ ಭಾರ ನಿಲ್ಲಿಸಿ" ಎಂದು ಕೇಳುವುದೊಂದೇ ಸಾಲದು. ರಸ್ತೆಯನ್ನು ಆ ಭಾರಕ್ಕೆ ತಕ್ಕಂತೆ ಬಲಪಡಿಸಬೇಕು, ಇಲ್ಲವೇ ಸಂಚಾರವನ್ನು ಬೇರೆಡೆಗೆ ತಿರುಗಿಸಬೇಕು.

"ಹೆಚ್ಚು ತುಂಬಿದರೆ ಟ್ರಿಪ್ ಕಡಿಮೆಯಾಗುತ್ತದೆ, ರಸ್ತೆಗೂ ಒಳ್ಳೆಯದಲ್ಲವೇ?" ಎಂದು ಲಾರಿ ಮಾಲೀಕರು ವಾದಿಸುವುದುಂಟು. 175 ಟನ್ ಮರಳನ್ನು ಅಧಿಕ ಭಾರದಲ್ಲಿ 10 ಟ್ರಿಪ್‌ಗಳಲ್ಲಿ ಸಾಗಿಸಿದರೆ ಹಾನಿ 160. ಮಿತಿಯೊಳಗೆ 16 ಟ್ರಿಪ್‌ಗಳಲ್ಲಿ ಸಾಗಿಸಿದರೆ ಹಾನಿ 64. ಟ್ರಿಪ್ ಉಳಿತಾಯದ ಲಾಭ ಮಾಲೀಕರಿಗೆ, ಅದರ ವೆಚ್ಚ ಪಂಚಾಯಿತಿಗೆ.

ಹಳೆಯ ಮೋರಿಗಳ ವಿಷಯ ಇನ್ನೂ ಗಂಭೀರ. ರಸ್ತೆ ದಿನೇ ದಿನೇ ಸವೆಯುತ್ತದೆ. ಚಪ್ಪಡಿ ಮೋರಿಗೆ ಒಂದೇ ವಾಹನ ಸಾಕು. ಶಾಲಾ ಬಸ್ಸು ಹೋಗುವ ದಾರಿಯ ಮೋರಿಗಳನ್ನು ಮಳೆಗಾಲಕ್ಕೆ ಮುನ್ನ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದಿಂದ ಪರಿಶೀಲಿಸಿಕೊಳ್ಳುವುದು ಅವಶ್ಯ.

3. ಕಣ್ಣಳತೆಯಲ್ಲಿ ತೂಕ ಅಂದಾಜಿಸುವುದು

ದೂರು ನೀಡುವ ಮುನ್ನ ಸ್ಥೂಲ ಅಂದಾಜು ಇರಬೇಕು. ನೀರು ಸಾವಿರ ಲೀಟರಿಗೆ ಒಂದು ಟನ್. 12,000 ಲೀಟರ್ ಟ್ಯಾಂಕರ್‌ನಲ್ಲಿ ನೀರಿನದೇ 12 ಟನ್ ಇರುತ್ತದೆ, ವಾಹನ ಮತ್ತು ಟ್ಯಾಂಕಿನ ತೂಕ ಬೇರೆ. ಗ್ರಾನೈಟ್ ಘನ ಮೀಟರಿಗೆ ಸುಮಾರು 2.7 ಟನ್, 3 ಮೀಟರ್ ಉದ್ದ, 2 ಮೀಟರ್ ಅಗಲ, 1.8 ಮೀಟರ್ ಎತ್ತರದ ಒಂದೇ ದಿಮ್ಮಿ 29 ಟನ್ ತೂಗುತ್ತದೆ. ಅಂತಹ ದಿಮ್ಮಿ ಹತ್ತು ಚಕ್ರದ ಲಾರಿಯಲ್ಲಿ ಕಂಡರೆ, ಲಾರಿಯ ಸ್ವಂತ ತೂಕವನ್ನು ಬಿಟ್ಟರೂ ಮಿತಿ ಮೀರಿದೆ ಎಂದೇ ಅರ್ಥ. ಈ ಅಂದಾಜು ದೂರಿಗೆ ಆಧಾರವಾಗಬಲ್ಲದು; ಸಾಕ್ಷ್ಯವಾಗುವುದು ವೇ ಬ್ರಿಡ್ಜ್ ಚೀಟಿ ಮಾತ್ರ.

4. ಟ್ರ್ಯಾಕ್ಟರ್ ಮತ್ತು ಟ್ರೇಲರ್

ಟ್ರೇಲರ್‌ಗೆ ಪ್ರತ್ಯೇಕ ನೋಂದಣಿ ಕಡ್ಡಾಯ. ಎಳೆಯುವ ವಾಹನದ ನೋಂದಣಿ ಸಂಖ್ಯೆಯೂ ಟ್ರೇಲರ್ ಮೇಲೆ ಕಾಣುವಂತಿರಬೇಕು. ಕೃಷಿ ಟ್ರ್ಯಾಕ್ಟರ್ ನಿಯಮಗಳ ಪ್ರಕಾರ ಸಾರಿಗೆ ವಾಹನವಲ್ಲ. ರೈತನು ತನ್ನ ರಾಗಿ, ಹುಲ್ಲು, ಗೊಬ್ಬರ ಸಾಗಿಸುವುದಕ್ಕೆ ಇದರಿಂದ ಅನುಕೂಲವಾಗಿದೆ. ಆದರೆ ಅದೇ ಟ್ರ್ಯಾಕ್ಟರ್ ಬಾಡಿಗೆಗೆ ಜಲ್ಲಿ, ಇಟ್ಟಿಗೆ ಅಥವಾ ನೀರು ಸಾಗಿಸಿದರೆ ಸ್ಥಿತಿ ಬದಲಾಗುತ್ತದೆ.

ಈ ಕುರಿತು ಸುಪ್ರೀಂ ಕೋರ್ಟ್‌ನ ಎರಡು ತೀರ್ಪುಗಳು ಕರ್ನಾಟಕದ ಪ್ರಕರಣಗಳಲ್ಲೇ ಬಂದಿವೆ. 2001ರ ನಾಗಶೆಟ್ಟಿ ಪ್ರಕರಣದಲ್ಲಿ, ಟ್ರ್ಯಾಕ್ಟರ್ ಓಡಿಸುವ ಪರವಾನಗಿ ಉಳ್ಳವನು ಟ್ರೇಲರ್ ಜೋಡಿಸಿ ಓಡಿಸಿದ ಮಾತ್ರಕ್ಕೆ ಅವನ ಪರವಾನಗಿ ಅಸಿಂಧುವಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. 2005ರ ನಟ್ವರ್ ಪಾರೀಖ್ ಪ್ರಕರಣದಲ್ಲಿ, ಸರಕು ಸಾಗಣೆಗೆ ಬಳಸುವ ಟ್ರ್ಯಾಕ್ಟರ್-ಟ್ರೇಲರ್ ಜೋಡಿಯು ಸರಕು ವಾಹನವೇ ಆಗಿದ್ದು, ಅದಕ್ಕೆ ರಹದಾರಿ ಬೇಕು ಎಂದು ಹೇಳಿತು. ಚಾಲಕನ ಪರವಾನಗಿ ಬೇರೆ, ವಾಹನದ ರಹದಾರಿ ಬೇರೆ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇದ್ದಂತಲ್ಲ. ಒಟ್ಟು ತೂಕ 3,000 ಕೆ.ಜಿ. ಮೀರದ ಸಣ್ಣ ಸರಕು ವಾಹನಗಳಿಗೆ ರಹದಾರಿಯಿಂದ ವಿನಾಯಿತಿ ಇದೆ.

5. ಯಾರು ಯಾವ ವಾಹನ ಓಡಿಸಬಹುದು?

ಒಟ್ಟು ತೂಕ 7,500 ಕೆ.ಜಿ. ಮೀರದ ವಾಹನ ಲಘು ಮೋಟಾರು ವಾಹನ; 12,000 ಕೆ.ಜಿ. ಮೀರಿದ ಸರಕು ವಾಹನ ಭಾರಿ, ನಡುವಿನದು ಮಧ್ಯಮ. ಲಘು ವಾಹನದ ಪರವಾನಗಿ ಉಳ್ಳವರು 7,500 ಕೆ.ಜಿ. ಒಳಗಿನ ಸರಕು ವಾಹನವನ್ನು ಪ್ರತ್ಯೇಕ ನಮೂದಿಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತೀರ್ಪು ನೀಡಿದೆ. ನಮ್ಮ ಕಸ ಸಂಗ್ರಹಣೆಯ ಆಟೋ ಟಿಪ್ಪರ್‌ಗಳನ್ನು ಓಡಿಸುವ ಸ್ವಸಹಾಯ ಸಂಘದ ಮಹಿಳೆಯರಿಗೆ ಇದರಿಂದ ಸಂದೇಹ ನಿವಾರಣೆಯಾಗಿದೆ.

ಅದಕ್ಕಿಂತ ಹೆಚ್ಚಿನ ತೂಕದ ಸರಕು ವಾಹನಕ್ಕೆ ಸಾರಿಗೆ ವಾಹನದ ಪರವಾನಗಿ ಬೇಕು. ಅದಕ್ಕೆ 20 ವರ್ಷ ತುಂಬಿರಬೇಕು; ಲಘು ವಾಹನದ ಪರವಾನಗಿ ಪಡೆದು ಕನಿಷ್ಠ ಒಂದು ವರ್ಷ ಆಗಿರಬೇಕು; ವೈದ್ಯಕೀಯ ಪ್ರಮಾಣಪತ್ರ ಸಲ್ಲಿಸಬೇಕು. ಎಂಟನೆಯ ತರಗತಿ ಪಾಸಾಗಿರಬೇಕೆಂಬ ಷರತ್ತನ್ನು 2019ರಲ್ಲಿ ತೆಗೆದುಹಾಕಲಾಗಿದೆ. ಓದು ನಿಂತುಹೋದ ಯುವಕರಿಗೆ ಈ ಉದ್ಯೋಗದ ಬಾಗಿಲು ಈಗ ತೆರೆದಿದೆ ಎಂಬುದನ್ನು ಸದಸ್ಯರು ತಮ್ಮ ವಾರ್ಡುಗಳಲ್ಲಿ ತಿಳಿಸಬಹುದು. ಈ ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ದೇವನಗೊಂದಿಯ ತೈಲ ಸಂಗ್ರಹಾಗಾರಗಳಿಂದ ಬರುವ ಟ್ಯಾಂಕರ್‌ಗಳಂತಹ ಅಪಾಯಕಾರಿ ಸರಕಿನ ವಾಹನಗಳ ಚಾಲಕರಿಗೆ ವಿಶೇಷ ತರಬೇತಿ ಮತ್ತು ಪ್ರತ್ಯೇಕ ನಮೂದು ಕಡ್ಡಾಯ.

ಹದಿನೆಂಟು ತುಂಬದ ಹುಡುಗನ ಕೈಗೆ ಟ್ರ್ಯಾಕ್ಟರ್ ಕೊಡುವುದು ನಮ್ಮ ಊರುಗಳಲ್ಲಿ ಸಾಮಾನ್ಯ ಸಂಗತಿ ಎಂಬಂತಾಗಿದೆ. ಕಲಂ 199ಎ ಪ್ರಕಾರ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ.

6. ದಂಡ ಕಟ್ಟಿದರೆ ಮುಂದೆ ಸಾಗಬಹುದೇ?

ಸಾಗುವಂತಿಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಕಲಂ 194ರಂತೆ ಅಧಿಕ ಭಾರಕ್ಕೆ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ನಮ್ಮ ಉದಾಹರಣೆಯ ಟಿಪ್ಪರ್‌ಗೆ ಇದು 32,000 ರೂಪಾಯಿಯಾಗುತ್ತದೆ. ಹೆಚ್ಚುವರಿ ಸರಕನ್ನು ಇಳಿಸುವ ವೆಚ್ಚವನ್ನೂ ಭರಿಸಬೇಕು, ಇಳಿಸುವವರೆಗೆ ವಾಹನ ಕದಲುವಂತಿಲ್ಲ. ದಂಡ ಅಥವಾ ಶುಲ್ಕ ಪಡೆದು ಅಧಿಕ ಭಾರವನ್ನು ಹಾಗೆಯೇ ಸಾಗಲು ಬಿಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ತೂಕ ಪರೀಕ್ಷೆಗೆ ನಿಲ್ಲದೆ ಹೋದರೆ ದಂಡ 40,000 ರೂಪಾಯಿ. ಕಬ್ಬಿಣದ ಸರಳುಗಳು ವಾಹನದಿಂದ ಹೊರಚಾಚಿದ್ದರೆ ಅದಕ್ಕೂ 20,000 ರೂಪಾಯಿ ದಂಡವಿದೆ.

ಈ ಕಲಂ ಚಾಲಕನೊಬ್ಬನಿಗೇ ಅಲ್ಲ, ಹಾಗೆ ಓಡಿಸುವಂತೆ ಮಾಡಿದವರಿಗೂ ಓಡಿಸಲು ಬಿಟ್ಟವರಿಗೂ ಅನ್ವಯಿಸುತ್ತದೆ. ಸಂಬಳಕ್ಕೆ ದುಡಿಯುವ ಚಾಲಕನನ್ನು ಊರವರು ಬೈಯುವಾಗ ಇದನ್ನು ನೆನಪಿಡಬೇಕು. ಎಷ್ಟು ತುಂಬಬೇಕೆಂದು ತೀರ್ಮಾನಿಸಿದವನು ಹೆಚ್ಚಿನ ಸಂದರ್ಭಗಳಲ್ಲಿ ಅವನಲ್ಲ.

7. ಪಂಚಾಯಿತಿ ಏನು ಮಾಡಬಾರದು, ಏನು ಮಾಡಬೇಕು?

ವಾಹನ ತಡೆಯುವುದು, ದಾಖಲೆ ಕೇಳುವುದು, ದಂಡ ವಸೂಲಿ ಮಾಡುವುದು, ಗಾಳಿ ಬಿಡುವುದು, ರಸ್ತೆಗೆ ಕಲ್ಲು ಅಡ್ಡ ಇಡುವುದು: ಇವು ಯಾವುವೂ ಸದಸ್ಯರ ಅಧಿಕಾರದಲ್ಲಿಲ್ಲ. ನಾನು ಹಿಂದೆ ಕೆಲಸ ಮಾಡಿದ ಪಂಚಾಯಿತಿಯೊಂದರಲ್ಲಿ ಬೇಸತ್ತ ಗ್ರಾಮಸ್ಥರು ಒಂದು ರಾತ್ರಿ ಟಿಪ್ಪರ್‌ಗಳನ್ನು ತಡೆದು ನಿಲ್ಲಿಸಿದರು. ಬೆಳಗಾಗುವಷ್ಟರಲ್ಲಿ ದೂರು ದಾಖಲಾದದ್ದು ಗ್ರಾಮಸ್ಥರ ಮೇಲೆ. ವಾಹನಗಳು ಎಷ್ಟು ಭಾರ ಹೊತ್ತಿದ್ದವು ಎಂಬುದಕ್ಕೆ ನಮ್ಮ ಬಳಿ ಒಂದು ಚೀಟಿಯೂ ಇರಲಿಲ್ಲ. ನಮ್ಮ ಸಿಟ್ಟು ನ್ಯಾಯವಾಗಿತ್ತು, ಕಡತ ಖಾಲಿಯಾಗಿತ್ತು.

ಆದ್ದರಿಂದ ಕ್ರಮವಾಗಿ ಮಾಡಬೇಕಾದ್ದು ಹೀಗಿದೆ:

ಮೊದಲನೆಯದಾಗಿ, ಎಣಿಕೆ. ಮೂರು ದಿನ, ಹಗಲು ರಾತ್ರಿ, ರಸ್ತೆಯಲ್ಲಿ ಹೋಗುವ ಸರಕು ವಾಹನಗಳನ್ನು ಚಕ್ರಗಳ ಸಂಖ್ಯೆ, ಸರಕು, ಸಮಯ ಮತ್ತು ನೋಂದಣಿ ಸಂಖ್ಯೆ ಸಹಿತ ವಹಿಯಲ್ಲಿ ಬರೆಯಿಸಿ. ವಾಹನದ ಅರ್ಹತಾ ಪತ್ರ ಮತ್ತು ವಿಮೆ ಚಾಲ್ತಿಯಲ್ಲಿವೆಯೇ ಎಂಬುದನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಡಬಹುದು.

ಎರಡನೆಯದಾಗಿ, ತಾಂತ್ರಿಕ ವರದಿ. ರಸ್ತೆ ಎಷ್ಟು ಪ್ರಮಾಣಿತ ಆಕ್ಸಲ್‌ಗಳಿಗೆ ವಿನ್ಯಾಸವಾಗಿದೆ, ಮೋರಿಗಳ ಸ್ಥಿತಿ ಏನು ಎಂಬುದನ್ನು ಇಂಜಿನಿಯರಿಂಗ್ ವಿಭಾಗದಿಂದ ಲಿಖಿತವಾಗಿ ಪಡೆಯಿರಿ.

ಮೂರನೆಯದಾಗಿ, ನಿರ್ಣಯ. ಮೇಲಿನ ಎರಡನ್ನೂ ಲಗತ್ತಿಸಿ ಪ್ರಾದೇಶಿಕ ಸಾರಿಗೆ ಅಧಿಕಾರಿ, ಪೊಲೀಸ್ ಠಾಣೆ ಮತ್ತು ಜಿಲ್ಲಾಧಿಕಾರಿಗಳಿಗೆ ಕಳುಹಿಸಿ. ಜಲ್ಲಿ, ಮರಳು, ದಿಮ್ಮಿಗಳಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಪ್ರತಿ ಇರಲಿ. ಖನಿಜ ಸಾಗಾಣಿಕೆ ಪರವಾನಗಿಯಲ್ಲಿರುವ ಪ್ರಮಾಣವನ್ನು ವೇ ಬ್ರಿಡ್ಜ್ ತೂಕದೊಂದಿಗೆ ಹೋಲಿಸಲು ಅವರಿಂದ ಸಾಧ್ಯ. ಅಧಿಕ ಭಾರದ ಶಂಕೆಯಿರುವ ವಾಹನವನ್ನು, ಅದು ಸಾಗುವ ದಾರಿಯಲ್ಲಿ 10 ಕಿ.ಮೀ. ಒಳಗಿನ ವೇ ಬ್ರಿಡ್ಜ್‌ಗೆ ಒಯ್ಯುವಂತೆ ಆದೇಶಿಸುವ ಅಧಿಕಾರ ಕಲಂ 114ರಡಿ ಸಾರಿಗೆ ಇಲಾಖೆಯ ಅಧಿಕಾರಿಗಳಿಗಿದೆ. ಹತ್ತಿರದ ವೇ ಬ್ರಿಡ್ಜ್‌ಗಳು ಎಲ್ಲಿವೆ ಎಂಬುದನ್ನೂ ಪತ್ರದಲ್ಲಿ ತಿಳಿಸಿದರೆ ಅವರ ಕೆಲಸ ಸುಲಭವಾಗುತ್ತದೆ.

ನಾಲ್ಕನೆಯದಾಗಿ, ಸಂಚಾರ ನಿರ್ಬಂಧ. ಮಿತಿಯೊಳಗಿನ ಭಾರವನ್ನೂ ತಾಳದ ರಸ್ತೆ ಅಥವಾ ಸೇತುವೆಯಿದ್ದರೆ ಕಲಂ 115ರಡಿ ಭಾರಿ ವಾಹನಗಳನ್ನು ನಿರ್ಬಂಧಿಸುವ ಆದೇಶ ಕೋರಬಹುದು. ಕೊಡಗು ಜಿಲ್ಲೆಯಲ್ಲಿ ಮಳೆಗಾಲದ ವೇಳೆ ಜಿಲ್ಲಾಧಿಕಾರಿಗಳು ಭಾರಿ ಸರಕು ವಾಹನಗಳ ಸಂಚಾರವನ್ನು ನಿರ್ಬಂಧಿಸುವ ಆದೇಶಗಳನ್ನು ಹೊರಡಿಸಿರುವುದು ನಮಗೆ ಗೊತ್ತಿರುವ ಸಂಗತಿ. ಆದೇಶವಾದ ನಂತರ ರಸ್ತೆಯ ಎರಡೂ ತುದಿಗಳಲ್ಲಿ ಫಲಕ ಇರಬೇಕು. ಆದೇಶವಿಲ್ಲದೆ ಪಂಚಾಯಿತಿಯೇ ಹಾಕಿದ ಫಲಕಕ್ಕೆ ಕಾನೂನಿನ ಬಲವಿಲ್ಲ. ನಿರ್ಬಂಧ ಕೋರುವಾಗ ಬದಲಿ ಮಾರ್ಗವನ್ನು ಸೂಚಿಸಿ. ಇಲ್ಲವಾದರೆ ನಮ್ಮ ಸಮಸ್ಯೆ ಪಕ್ಕದ ಪಂಚಾಯಿತಿಗೆ ವರ್ಗವಾಗುತ್ತದೆಯಷ್ಟೆ.

ನಿರ್ಣಯದ ಮಾದರಿ: "… ಗ್ರಾಮದಿಂದ … ವರೆಗಿನ ರಸ್ತೆಯಲ್ಲಿ ದಿನಾಂಕ … ರಿಂದ … ರವರೆಗೆ ನಡೆಸಿದ ಎಣಿಕೆಯಂತೆ ದಿನವೊಂದಕ್ಕೆ ಸರಾಸರಿ … ಭಾರಿ ಸರಕು ವಾಹನಗಳು ಸಂಚರಿಸುತ್ತಿದ್ದು, ಇಂಜಿನಿಯರಿಂಗ್ ವಿಭಾಗದ ವರದಿಯಂತೆ ಸದರಿ ರಸ್ತೆಯು ಈ ಭಾರವನ್ನು ತಾಳಲು ಶಕ್ತವಾಗಿಲ್ಲದ ಕಾರಣ, ಕಲಂ 114ರಡಿ ತೂಕ ತಪಾಸಣೆ ನಡೆಸಲು ಹಾಗೂ ಕಲಂ 115ರಡಿ ಸಂಚಾರ ನಿರ್ಬಂಧಿಸಲು ಸಕ್ಷಮ ಪ್ರಾಧಿಕಾರಗಳನ್ನು ಕೋರಲು ಸಭೆಯು ಸರ್ವಾನುಮತದಿಂದ ನಿರ್ಣಯಿಸಿತು."

8. ಮೊದಲು ನಮ್ಮ ಮನೆ ಸರಿಯಿರಲಿ

ಪಂಚಾಯಿತಿಯೂ ವಾಹನ ಮಾಲೀಕ. ಪರವಾನಗಿ ಇಲ್ಲದವರಿಗೆ ವಾಹನ ಓಡಿಸಲು ಬಿಡಬಾರದೆಂಬ ಕಲಂ 5 ಪಂಚಾಯಿತಿಗೂ ಅನ್ವಯಿಸುತ್ತದೆ. ನಿಗದಿತ ಚಾಲಕಿ ರಜೆಯಲ್ಲಿದ್ದಾಗ "ಇವತ್ತೊಂದು ದಿನ ನೀನೇ ಓಡಿಸು" ಎಂದು ಪರವಾನಗಿ ಇಲ್ಲದ ಸಹಾಯಕನ ಕೈಗೆ ಕೀಲಿ ಕೊಟ್ಟು, ಆ ದಿನವೇ ಅಪಘಾತವಾದರೆ, ವಿಮಾ ಕಂಪನಿಯು ಸಂತ್ರಸ್ತರಿಗೆ ಕೊಟ್ಟ ಪರಿಹಾರವನ್ನು ಮಾಲೀಕರಿಂದ ವಸೂಲಿ ಮಾಡಲು ಅವಕಾಶವಿದೆ. ಆ ಹಣ ಪಂಚಾಯಿತಿಯ ನಿಧಿಯಿಂದ, ಅಂದರೆ ಬೀದಿದೀಪ ಮತ್ತು ಕುಡಿಯುವ ನೀರಿನ ಬಾಬ್ತಿನಿಂದ ಹೋಗುತ್ತದೆ. ಪ್ರತಿ ವಾಹನದ ಆರ್.ಸಿ., ವಿಮೆ, ಅರ್ಹತಾ ಪತ್ರ ಮತ್ತು ಚಾಲಕರ ಪರವಾನಗಿಯ ಅಂತಿಮ ದಿನಾಂಕಗಳನ್ನು ಒಂದು ವಹಿಯಲ್ಲಿ ಬರೆದು ಪ್ರತಿ ಮಾಸಿಕ ಸಭೆಯಲ್ಲಿ ಮಂಡಿಸುವುದು ಒಳ್ಳೆಯದು. ಬೇಸಿಗೆಯಲ್ಲಿ ಬಾಡಿಗೆಗೆ ಪಡೆಯುವ ನೀರಿನ ಟ್ಯಾಂಕರ್‌ಗಳಿಗೂ ಇದೇ ದಾಖಲೆಗಳನ್ನು ಕೇಳತಕ್ಕದ್ದು.

ಪಂಚಾಯಿತಿಯ ಕಾಮಗಾರಿಗೆ ಬರುವ ಜಲ್ಲಿ ಮತ್ತು ಮರಳೂ ಟಿಪ್ಪರ್‌ಗಳಲ್ಲೇ ಬರುತ್ತವೆ. ಹೊಸ ರಸ್ತೆಗೆ ಸಾಮಗ್ರಿ ತಂದ ವಾಹನವೇ ಹಳೆಯ ರಸ್ತೆಯನ್ನು ಹಾಳು ಮಾಡಿದರೆ ನಮ್ಮ ನಿರ್ಣಯಕ್ಕೆ ಬೆಲೆ ಎಲ್ಲಿಯದು? ನೋಂದಣಿ ಪತ್ರದ ಮಿತಿಯೊಳಗಿರುವ ವೇ ಬ್ರಿಡ್ಜ್ ಚೀಟಿಯನ್ನು ಬಿಲ್ಲಿನೊಂದಿಗೆ ಸಲ್ಲಿಸಬೇಕೆಂಬ ಷರತ್ತನ್ನು ಗುತ್ತಿಗೆ ಕರಾರಿನಲ್ಲಿ ಸೇರಿಸಬಹುದು. ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 66ರಡಿ ಕಾರ್ಖಾನೆಗೆ ಪಂಚಾಯಿತಿಯ ಅನುಮತಿ ಅಗತ್ಯವಿರುವ ಕಡೆ, ಸರಕು ವಾಹನಗಳು ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ ಬರುತ್ತವೆ ಎಂಬುದನ್ನು ಅರ್ಜಿಯ ಹಂತದಲ್ಲೇ ಕೇಳಿ ದಾಖಲಿಸಿಕೊಳ್ಳಬೇಕು.

ಕೈಗಾರಿಕೆ ನಮ್ಮ ಊರುಗಳಿಗೆ ಕೆಲಸ ತಂದಿದೆ, ತೆರಿಗೆ ತಂದಿದೆ. ಲಾರಿಗಳಿಲ್ಲದೆ ಅದು ನಡೆಯುವುದಿಲ್ಲ. ನಾವು ಕೇಳುತ್ತಿರುವುದು ಲಾರಿ ಬಾರದಿರಲಿ ಎಂದಲ್ಲ. ನೋಂದಣಿ ಪತ್ರದಲ್ಲಿ ಬರೆದಷ್ಟೇ ಹೊತ್ತು, ಅರ್ಹ ಚಾಲಕನ ಕೈಯಲ್ಲಿ, ಅದನ್ನು ತಾಳುವ ರಸ್ತೆಯಲ್ಲಿ ಬರಲಿ ಎಂದು. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ವಾಹನ ಎಣಿಕೆಯ ವಿಷಯವನ್ನು ಸೇರಿಸುವಂತೆ ಸದಸ್ಯರಲ್ಲಿ ಕೋರಲಾಗಿದೆ.